ಬದು, ಹೊಂಡ, ಹನಿ, ಗಿಡ: ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು?

ಯುಗಾದಿ ಮುಗಿದು ಹೊಲ ಹಸನು ಮಾಡುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಮೊದಲು ಕೇಳಿದ್ದು ಚಿಕ್ಕಪ್ಪನ ಮಗ. "ಅಣ್ಣಾ, ಕೃಷಿ ಹೊಂಡಕ್ಕೆ ಹಾಕ್ಲೋ, ನರೇಗಾದಾಗೆ ಬದು ಹಾಕಿಸ್ಲೋ? ಪಕ್ಕದ ಹೊಲದೋರು ಹನಿ ನೀರಾವರಿಗೆ ನೂರಕ್ಕೆ ತೊಂಬತ್ತು ಸಬ್ಸಿಡಿ ಐತೆ, ಅದನ್ನೇ ಮಾಡು ಅಂತಾರೆ." ಅವನದು ಚಳ್ಳಕೆರೆ ಕಡೆ ಮೂರು ಎಕರೆ ಕೆಂಪು ಮಣ್ಣು. ಶೇಂಗಾ, ನಡುವೆ ತೊಗರಿ ಸಾಲು. ಇದ್ದ ಒಂದು ಬೋರು ನಿಂತು ಎರಡು ವರ್ಷವಾಯಿತು. ಪಹಣಿ ಇನ್ನೂ ತೀರಿಹೋದ ಚಿಕ್ಕಪ್ಪನ ಹೆಸರಿನಲ್ಲೇ ಇದೆ.

ಸಬ್ಸಿಡಿ ಎಷ್ಟು ಪರ್ಸೆಂಟು ಎಂದು ಮೊದಲು ಕೇಳಿದರೆ ಅಲ್ಲೇ ದಾರಿ ತಪ್ಪುತ್ತದೆ. ನೀರೇ ಇಲ್ಲದವನಿಗೆ ತೊಂಬತ್ತು ಪರ್ಸೆಂಟಿನ ಹನಿ ಪೈಪು ಹೊಲದ ತುಂಬ ಹರಡಿದ ಕರಿ ಹಗ್ಗ, ಅಷ್ಟೆ. ಅದಕ್ಕೇ ಯೋಜನೆಗಳನ್ನು ಹೋಲಿಸುವ ಮೊದಲು ನಮ್ಮ ಹೊಲವನ್ನೂ ನಮ್ಮ ಮನೆಯನ್ನೂ ಒಂದು ಸಲ ನೋಡಿಕೊಳ್ಳೋಣ.

ಮೊದಲು ನೋಡಿಕೊಳ್ಳಬೇಕಾದ್ದು

ಮಳೆ ಜೋರಾಗಿ ಹೊಡೆದಾಗ ನಿಮ್ಮ ಹೊಲದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಗೊತ್ತು ಅಂತ ಎಲ್ಲರೂ ಹೇಳುತ್ತಾರೆ, ನೋಡಿದವರು ಕಡಿಮೆ. ಒಂದು ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಹೊಲ ಸುತ್ತಿ ಬನ್ನಿ. ಕೆಂಪು ನೀರು ಯಾವ ಮೂಲೆಯಲ್ಲಿ ಬದು ಒಡೆದು ಹೊರಗೆ ಹೋಗುತ್ತಿದೆಯೋ ಅಲ್ಲಿ ನಿಮ್ಮ ಮೇಲ್ಮಣ್ಣು ಹೋಗುತ್ತಿದೆ.

ಎರಡನೆಯದು, ಕೈಯಿಂದ ಮೊದಲು ಹಾಕಲು ಎಷ್ಟು ದುಡ್ಡಿದೆ? ಸಬ್ಸಿಡಿ ಹಣ ಬಹಳ ಸಲ ಕೆಲಸ ಮುಗಿದು, ಫೋಟೊ ತೆಗೆದು, ಬಿಲ್ಲಾದ ಮೇಲೆ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಬಡ್ಡಿಗೆ ತಂದರೆ ಆ ಬಡ್ಡಿಯೂ ನಿಮ್ಮ ಪಾಲಿನ ಖರ್ಚೇ. ಅದರ ಜೊತೆಗೆ ಮನೆಯಲ್ಲಿ ದುಡಿಯುವ ಕೈ ಎಷ್ಟು, ಸೊಂಟ ಬಗ್ಗಿಸುವವರು ಎಷ್ಟು ಎಂಬ ಲೆಕ್ಕ. ಹೊಂಡಕ್ಕೋ ಗಿಡಕ್ಕೋ ಎಷ್ಟು ಗುಂಟೆ ಬಿಟ್ಟುಕೊಡಲು ಮನಸ್ಸಿದೆ ಎಂಬ ಲೆಕ್ಕ.

ಕೊನೆಯದು ಕಾಗದ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲೇ. ರಾಜ್ಯದಲ್ಲಿ ಈಗ ಕೃಷಿ, ತೋಟಗಾರಿಕೆ, ರೇಷ್ಮೆ ಯಾವುದಕ್ಕೆ ಹೋದರೂ ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಕೇಳುತ್ತಾರೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ಎಫ್‌ಐಡಿ ಇದೆ ಎಂದು ಸುಮ್ಮನಿರಬೇಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ನೋಡಿ. ಎರಡು ಕಡೆ ಹೊಲ ಇದ್ದವರಿಗೆ ಒಂದೇ ಕಡೆಯದು ಸೇರಿರುವುದು ಮಾಮೂಲಿ.

ಪಹಣಿ ತೀರಿಹೋದವರ ಹೆಸರಿನಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ನಿಮ್ಮ ಹೆಸರಿನಲ್ಲಿ ಏನೂ ನಡೆಯುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗುವುದೇ ಅಂಥವರ ಮೊದಲ ಅರ್ಜಿ. ಜಂಟಿ ಖಾತೆಯಾದರೆ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಅಣ್ಣತಮ್ಮಂದಿರು ಮಾತಾಡುತ್ತಿರುವಾಗಲೇ ಬರೆಸಿಕೊಂಡುಬಿಡಿ. ಕೋರಿಗೆ, ಅಂದರೆ ಬೆಳೆಯ ಪಾಲಿಗೆ ಮಾಡುವವರಿಗೆ, ಗುತ್ತಿಗೆಗೆ ಹಿಡಿದವರಿಗೆ ಇಲ್ಲಿ ದಾರಿ ಬಹಳ ಕಿರಿದು. ಹೊಲ ಉಳುವವರು ಅವರು, ಪಹಣಿ ಇನ್ನೊಬ್ಬರದು. ಈ ಅನ್ಯಾಯಕ್ಕೆ ನನ್ನ ಹತ್ತಿರ ಮದ್ದಿಲ್ಲ.

ನರೇಗಾದ ಬದು: ಕೂಲಿಯೂ ನಿಮ್ಮದು, ಬದುವೂ ನಿಮ್ಮದು

ನಮ್ಮ ಕಡೆ ನರೇಗಾ ಎಂದರೆ ಕೆರೆ ಹೂಳು, ರಸ್ತೆ ಬದಿ ಚರಂಡಿ ಎಂದೇ ಜನ ತಿಳಿದಿದ್ದಾರೆ. ಸ್ವಂತ ಹೊಲದಲ್ಲಿ ಕಂದಕ ಬದು, ಸಣ್ಣ ಹೊಂಡ, ಎರೆಹುಳು ತೊಟ್ಟಿ, ದನದ ಕೊಟ್ಟಿಗೆ, ಮಾವು ಗೇರಿನ ತೋಟ ಕೂಡ ಮಾಡಿಸಿಕೊಳ್ಳಬಹುದು. ಪರಿಶಿಷ್ಟರು, ಬಡತನ ರೇಖೆಯ ಕೆಳಗಿನವರು, ಹೆಂಗಸರೇ ಯಜಮಾನಿಯಾದ ಮನೆಗಳು, ಅಂಗವಿಕಲರ ಮನೆಗಳಿಗೆ ಮೊದಲ ಪಾಲು. ಆಮೇಲೆ 5 ಎಕರೆವರೆಗಿನ ಸಣ್ಣ, ಅತಿ ಸಣ್ಣ ರೈತರಿಗೆ. ಜಾಬ್ ಕಾರ್ಡ್ ಇರಬೇಕು, ಮನೆಯವರೊಬ್ಬರಾದರೂ ಆ ಕೆಲಸದಲ್ಲಿ ದುಡಿಯಬೇಕು.

ಇದರಲ್ಲಿ ಕೈಯಿಂದ ಹಾಕುವ ದುಡ್ಡು ಬಹುತೇಕ ಇಲ್ಲ, ಕೂಲಿ ಬರುವುದೇ ನಿಮಗೆ. 2024-25ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, 2025-26ರಲ್ಲಿ 370 ಆಯಿತು. 100 ದಿನ ಪೂರ್ತಿ ದುಡಿದರೆ 37,000. ಆದರೆ ಆ 100 ದಿನ ಒಂದು ಮನೆಗೆ, ಒಬ್ಬೊಬ್ಬರಿಗಲ್ಲ. ಗಂಡ ಹೆಂಡತಿ ಇಬ್ಬರೂ ಹೋದರೆ 50 ದಿನಕ್ಕೇ ಮುಗಿಯಿತು. ಕೂಲಿಯನ್ನು ಅಳತೆ ನೋಡಿ ಕೊಡುವುದರಿಂದ ಮಣ್ಣು ಎಷ್ಟು ಎತ್ತಿದಿರಿ ಎಂಬುದೇ ಲೆಕ್ಕ, ಎಷ್ಟು ಹೊತ್ತು ಕೂತಿದ್ದಿರಿ ಎಂಬುದಲ್ಲ.

ತೊಡಕು ಮೂರು. ಜೆಸಿಬಿ ತರುವ ಹಾಗಿಲ್ಲ, ಹಾರೆ ಸಲಿಕೆ ಬುಟ್ಟಿಯೇ ಗತಿ. ಬೇಸಿಗೆಯಲ್ಲಿ ಗಟ್ಟಿಯಾದ ಜಂಬಿಟ್ಟಿಗೆ ನೆಲ ಅಗೆದವರಿಗೆ ಅದರ ಕಷ್ಟ ಗೊತ್ತು. ಎರಡನೆಯದು, ನಿಮ್ಮ ಕೆಲಸ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಮುಂದಿನ ವರ್ಷದ ಪಟ್ಟಿ ಅಕ್ಟೋಬರ್ 2ರ ನಂತರದ ಗ್ರಾಮಸಭೆಗಳಲ್ಲಿ ಆಗುತ್ತದೆ. ಮೇ ತಿಂಗಳಲ್ಲಿ ಹೋಗಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಎನ್ನುವುದು ಇದಕ್ಕೇ. ಮೂರನೆಯದು, 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ಅದರಲ್ಲಿ ದಿನಗಳು 125 ಆಗಿವೆ, ಬಿತ್ತನೆ ಕೊಯ್ಲಿನ ಕಾಲಕ್ಕೆ 60 ದಿನ ಕೆಲಸ ನಿಲ್ಲಿಸಲು ಅವಕಾಶ ಇದೆ. ಸದ್ಯಕ್ಕೆ ನಿಮ್ಮ ಪಂಚಾಯಿತಿಯಲ್ಲಿ ಯಾವ ನಿಯಮದ ಮೇಲೆ ಕೆಲಸ ಕೊಡುತ್ತಿದ್ದಾರೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿಕೊಂಡೇ ಹೊರಡಿ.

ಬದುವಿನ ಬಗ್ಗೆ ಒಂದು ಮಾತು. ಬದು ಹಾಕಿ ಕೋಡಿ ಬಿಡದಿದ್ದರೆ ಹಾಕದಿದ್ದಂತೆಯೇ. ದೊಡ್ಡ ಮಳೆಯಲ್ಲಿ ತುಂಬಿದ ನೀರಿಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ತಾನೇ ದಾರಿ ಮಾಡಿಕೊಳ್ಳುತ್ತದೆ, ಅದೂ ಹೊಸ ಮಣ್ಣು ಸಡಿಲ ಇರುವ ಕಡೆಯೇ. ಕೋಡಿಗೆ ಕಲ್ಲು ಜೋಡಿಸಿ, ಬದುವಿನ ಮೇಲೆ ಲಾವಂಚವೋ ಹುರುಳಿಯೋ ಹಾಕಿ. ಮೊದಲ ವರ್ಷ ಬೇರು ಹಿಡಿದರೆ ಬದು ನಿಂತಂತೆ.

ಕೃಷಿ ಭಾಗ್ಯದ ಹೊಂಡ: ಎಷ್ಟು ದೊಡ್ಡದು ಎನ್ನುವುದೇ ಪ್ರಶ್ನೆ

ಕೃಷಿ ಭಾಗ್ಯ 2014-15ರಲ್ಲಿ ಮಳೆಯಾಶ್ರಿತ ಪ್ರದೇಶಕ್ಕೆಂದು ಬಂದ ಯೋಜನೆ. ನಡುವೆ ನಿಂತು 2023-24ರಲ್ಲಿ ಮತ್ತೆ ಶುರುವಾಯಿತು. ಎಲ್ಲ ತಾಲ್ಲೂಕುಗಳಿಗೂ ಇಲ್ಲ, ಹಾಗಾಗಿ ನಿಮ್ಮ ತಾಲ್ಲೂಕು ಈ ವರ್ಷದ ಪಟ್ಟಿಯಲ್ಲಿ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ. ಹೊಂಡ, ಅದಕ್ಕೆ ಪಾಲಿಥೀನ್ ಹಾಳೆ, ಸುತ್ತ ತಂತಿ ಬೇಲಿ, ನೀರೆತ್ತಲು ಪಂಪ್‌ಸೆಟ್ಟು, ಹೊಲಕ್ಕೆ ತುಂತುರು ಅಥವಾ ಹನಿ, ಇಷ್ಟೂ ಒಂದು ಗಂಟು. ಹೊಂಡ ತೋಡಲು ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಉಳಿದ ಅಂಗಗಳಿಗೆ ಬೇರೆ ಬೇರೆ ದರ. ಈ ಪರ್ಸೆಂಟೆಲ್ಲ ಇಲಾಖೆ ಕಟ್ಟಿದ ದರದ ಮೇಲೆ ಲೆಕ್ಕ, ಜೆಸಿಬಿಯವನು ಕೇಳಿದ ಗಂಟೆ ಬಾಡಿಗೆಯ ಮೇಲಲ್ಲ. ನೆಲದಲ್ಲಿ ಬಂಡೆ ಸಿಕ್ಕರೆ ಆ ಹೆಚ್ಚಿನ ಗಂಟೆಗಳು ನಿಮ್ಮ ತಲೆಗೇ.

ಅಳತೆಗಳು 10x10x3 ಮೀಟರಿನಿಂದ 21x21x3ರವರೆಗೆ ಇವೆ. ದೊಡ್ಡದಕ್ಕೆ ಸಬ್ಸಿಡಿಯೂ ದೊಡ್ಡದು ಎಂದು ಎಲ್ಲರೂ 21ಕ್ಕೇ ಕಣ್ಣು ಹಾಕುತ್ತಾರೆ. ಒಂದು ನಿಮಿಷ ಕೂತು ಲೆಕ್ಕ ಹಾಕಿ.

ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು ಒಂದು ಲಕ್ಷ ಲೀಟರ್. ಇದನ್ನೊಂದು ನೆನಪಿಟ್ಟುಕೊಳ್ಳಿ. ಬದಿಗಳನ್ನು ಒಂದಡಿ ಆಳಕ್ಕೆ ಒಂದಡಿ ಒಳಗೆ ಸರಿಯುವ ಹಾಗೆ ಇಳಿಜಾರು ಬಿಟ್ಟು ತೋಡಿದರೆ 10 ಮೀಟರಿನ ಹೊಂಡದಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರ್ ನಿಲ್ಲುತ್ತದೆ. 15 ಮೀಟರಿನದರಲ್ಲಿ ನಾಲ್ಕೂಕಾಲು ಲಕ್ಷದ ಮೇಲೆ, 21ರದರಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ. ಈಗ ಬರುವ ನೀರು ನೋಡಿ. ಮೂರು ಎಕರೆ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ ಒಟ್ಟು 60 ಲಕ್ಷ ಲೀಟರ್. ಅದರಲ್ಲಿ ಹತ್ತಕ್ಕೊಂದು ಪಾಲು ಹರಿದು ಹೊಂಡ ಸೇರಿದರೆ 6 ಲಕ್ಷ, ಅದೂ ವರ್ಷವಿಡೀ ಸೇರಿ. ಮೇಲಿನ ಹೊಲದ ನೀರು ನಿಮ್ಮ ಕಡೆ ಬರದಿದ್ದರೆ ಮೂರು ಎಕರೆಯವನಿಗೆ 21 ಮೀಟರಿನ ಹೊಂಡ ಅರ್ಧ ಖಾಲಿ ಬಾಯಿ ತೆರೆದುಕೊಂಡೇ ಇರುತ್ತದೆ. ಸುತ್ತಲ ಏರಿ ಸೇರಿ ಆರು ಗುಂಟೆ ಹೊಲವನ್ನೂ ನುಂಗಿರುತ್ತದೆ. 15 ಮೀಟರಿನದಕ್ಕೆ ನಾಲ್ಕು ಗುಂಟೆ ಸಾಕು. ಅದು ತುಂಬಿದರೆ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಮೂರು ಎಕರೆಗೆ ಒಂದು ಸಲ ಒಂದಿಂಚು ಹಾಯಿಸಬಹುದು. ಆ ಒಂದು ನೀರಿಗಾಗಿಯೇ ಹೊಂಡ. ಅದನ್ನು ನಂಬಿ ಅಡಿಕೆ ಇಟ್ಟವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡುತ್ತಿದ್ದರು.

ಹಾಳೆ ಬೇಕೋ ಬೇಡವೋ ಎನ್ನುವುದು ಮಣ್ಣಿನ ಮೇಲೆ. ಎರೆ ಭೂಮಿಯಲ್ಲಿ ನೀರು ಇಂಗುವುದು ನಿಧಾನ, ಹಾಳೆ ಇಲ್ಲದೆಯೂ ನಿಲ್ಲುತ್ತದೆ. ಕೆಂಪು ಮಣ್ಣಿನಲ್ಲಿ ಹಾಳೆ ಇಲ್ಲದ ಹೊಂಡ ವಾರ ಹದಿನೈದು ದಿನಕ್ಕೆ ಬರಿದಾಗಬಹುದು. ಆದರೆ ಪಕ್ಕದಲ್ಲೇ ಸೋತ ಬೋರು ಇದ್ದರೆ ಆ ಇಂಗುವಿಕೆಯೇ ಲಾಭ, ನೀರು ಹೋಗುವುದು ನಿಮ್ಮ ನೆಲದೊಳಕ್ಕೆ ತಾನೆ? ಹಾಳೆ ಹಾಕಿದರೆ ಕಣ್ಣೆದುರು ನೀರು, ಹಾಕದಿದ್ದರೆ ನೆಲದಡಿ ನೀರು. ಎರಡನ್ನೂ ಒಂದೇ ಹೊಂಡದಿಂದ ಕೇಳಬೇಡಿ.

ನನ್ನದೇ ತಪ್ಪನ್ನೂ ಹೇಳಿಬಿಡುತ್ತೇನೆ. ಜೆಸಿಬಿ ಒಳಗೆ ಬರಲು ಸುಲಭ ಎಂದು ನಾನು ಹೊಂಡವನ್ನು ಗಾಡಿದಾರಿಯ ಪಕ್ಕ ತೋಡಿಸಿದೆ. ಮೊದಲ ಹದಮಳೆ ಬಂದಾಗ ನೀರು ಹೊಂಡದಿಂದ ಇಪ್ಪತ್ತು ಹೆಜ್ಜೆ ಆಚೆ, ತನ್ನ ಹಳೇ ದಾರಿಯಲ್ಲೇ ಹರಿದುಹೋಯಿತು. ಆಮೇಲೆ ಅಡ್ಡ ಕಾಲುವೆ ತೆಗೆಸಿದ್ದು, ಕಾಲುವೆಯಲ್ಲಿ ಬಂದ ಮಣ್ಣು ಹೊಂಡದ ತಳ ಸೇರಿದ್ದು, ಎರಡು ವರ್ಷಕ್ಕೇ ಒಂದಡಿ ಹೂಳು. ನೀರು ಒಳಗೆ ಬರುವ ಬಾಯಲ್ಲಿ ಒಂದು ಹೂಳುಗುಂಡಿ ಮಾಡಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಬೇಲಿ ಹಾಕದೆ ಹೊಂಡ ಬಿಡಬೇಡಿ. ಒದ್ದೆ ಪಾಲಿಥೀನ್ ಹಾಳೆ ಪಾಚಿಗಿಂತ ಜಾರು, ಈಜು ಬರುವವರಿಗೂ ಹತ್ತಲು ಆಗುವುದಿಲ್ಲ. ಹಳೇ ಟೈರುಗಳನ್ನು ದಪ್ಪ ಹಗ್ಗಕ್ಕೆ ಪೋಣಿಸಿ, ಏರಿಯ ಮೇಲಿನ ಗೂಟಕ್ಕೆ ಕಟ್ಟಿ ಎರಡು ಬದಿಯಲ್ಲಿ ನೀರಿಗೆ ಇಳಿಬಿಡಿ. ಖರ್ಚು ಏನೂ ಇಲ್ಲ. ಇದು ಯಾವ ಯೋಜನೆಯಲ್ಲೂ ಬರುವುದಿಲ್ಲ, ನೀವೇ ಮಾಡಬೇಕು.

ಹನಿ ಮತ್ತು ತುಂತುರು: ನೀರು ಇದ್ದವರಿಗೆ

ಇಲ್ಲಿ ಪರ್ಸೆಂಟು ನಿಜಕ್ಕೂ ಆಕರ್ಷಕ. ಕೇಂದ್ರದ ಪಾಲು ಸಣ್ಣ, ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45. ರಾಜ್ಯ ತನ್ನ ಪಾಲು ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90 ಕೊಡುತ್ತ ಬಂದಿದೆ. ಇಲ್ಲೂ ಅದು ಘಟಕ ವೆಚ್ಚದ ಮೇಲೆ. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂಬುದರ ಮೇಲೆ ಆ ವೆಚ್ಚ ನಿಗದಿಯಾಗುತ್ತದೆ. ಹತ್ತಿರ ಸಾಲಿನ ತರಕಾರಿಗೆ ಪೈಪು ಜಾಸ್ತಿ, ಮಾವಿಗೆ ಕಡಿಮೆ.

ಯಾವ ಕಚೇರಿಗೆ ಹೋಗಬೇಕು ಎನ್ನುವುದರಲ್ಲಿ ಜನ ಬಹಳ ಅಲೆಯುತ್ತಾರೆ. ಅಡಿಕೆ, ದಾಳಿಂಬೆ, ಟೊಮ್ಯಾಟೊಗೆ ತೋಟಗಾರಿಕೆ ಇಲಾಖೆ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಮೆಕ್ಕೆಜೋಳ, ಕಬ್ಬು, ಶೇಂಗಾ ಇದ್ದರೆ ಕೃಷಿ ಇಲಾಖೆ. ಕಾರ್ಯಾದೇಶ ಕೈಗೆ ಬರುವ ಮೊದಲು ಪೈಪು ಹಾಸಿಬಿಟ್ಟರೆ ಸಬ್ಸಿಡಿ ಕೇಳಲು ಬಾಯಿ ಇರುವುದಿಲ್ಲ. ಒಂದು ಸಲ ತೆಗೆದುಕೊಂಡರೆ ಅದೇ ಜಮೀನಿಗೆ ಮತ್ತೆ ಸಿಗುವುದು 7 ವರ್ಷದ ಮೇಲೆ. ಹಾಗಾಗಿ ಈ ವರ್ಷ ಟೊಮ್ಯಾಟೊ, ಮುಂದಿನ ವರ್ಷ ದಾಳಿಂಬೆ ಎಂದು ಯೋಚಿಸುವವರು ಯಾವ ಅಂತರಕ್ಕೆ ತೆಗೆದುಕೊಳ್ಳುತ್ತೀರಿ ಎಂದು ಮೊದಲೇ ತೀರ್ಮಾನ ಮಾಡಿ.

ನಮ್ಮ ಸೀಮೆಯ ಬೋರು ನೀರು ಉಪ್ಪು. ಡ್ರಿಪ್ಪರ್ ಬಾಯಿಗೆ ಬಿಳಿ ಕಲ್ಲು ಕಟ್ಟುತ್ತದೆ, ಫಿಲ್ಟರ್ ತೊಳೆಯದೆ ಬಿಟ್ಟರೆ ಕಸವೂ ಕಟ್ಟಿಕೊಳ್ಳುತ್ತದೆ. ಅಳಿಲು, ಇಲಿ ಕಡಿದದ್ದನ್ನು ಕೂತು ಸರಿಮಾಡುವ ತಾಳ್ಮೆ ಇಲ್ಲದವರಿಗೆ ತುಂತುರು ಪೈಪೇ ವಾಸಿ. ಹೊಲದಿಂದ ಹೊಲಕ್ಕೆ ಹೊತ್ತುಕೊಂಡು ಹೋಗಬಹುದು, ಶೇಂಗಾಕ್ಕೂ ಅದೇ ಹೊಂದುತ್ತದೆ. ಹನಿ ಹಾಕಿಸಿದ ಮೇಲೆ ನೀರು ಉಳಿಯಿತು ಎಂದು ಇನ್ನೆರಡು ಎಕರೆ ತೋಟ ಹೆಚ್ಚಿಸಿದವರ ಬೋರು ಉಳಿಯುವುದಿಲ್ಲ. ಇದು ನೀರು ಉಳಿಸುವ ಯೋಜನೆ ಎಂದು ಕಾಗದದಲ್ಲಿ ಬರೆದಿದೆ, ಉಳಿಸುವುದು ಬಿಡುವುದು ನಿಮ್ಮ ಕೈಯಲ್ಲಿದೆ.

ಬೋರೇ ಇಲ್ಲದ ಪರಿಶಿಷ್ಟ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಣ್ಣ ರೈತರಿಗೆ ಬೋರು ಕೊರೆಸಿಕೊಡುವ, ಆಯಾ ವರ್ಗದ ಅಭಿವೃದ್ಧಿ ನಿಗಮಗಳ ಗಂಗಾ ಕಲ್ಯಾಣ ಯೋಜನೆ ಇದೆ. ಅದಕ್ಕೆ ಆಯ್ಕೆಯಾಗುವುದು ಒಂದು ಸರದಿ, ನೀರು ಬೀಳುವುದು ಇನ್ನೊಂದು.

ಗಿಡ: ನಿಧಾನದ ದಾರಿ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ನರ್ಸರಿಯಿಂದ ರಿಯಾಯಿತಿ ದರಕ್ಕೆ ಸಸಿ ತಂದು ನೆಟ್ಟರೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಬದುವಿನ ಮೇಲೆ ನೂರು ಗಿಡ ಮೂರೂ ವರ್ಷ ಬದುಕಿದರೆ 12,500. ಸತ್ತದ್ದಕ್ಕೆ ಏನೂ ಇಲ್ಲ, ಎಲ್ಲ ಜಾತಿಗೂ ಪ್ರೋತ್ಸಾಹಧನ ಇಲ್ಲ. ಕೇಳಿಕೊಂಡೇ ಸಸಿ ಎತ್ತಿ. ನೀಲಗಿರಿ ಹೊಸದಾಗಿ ನೆಡುವುದನ್ನು ರಾಜ್ಯ 2017ರಲ್ಲೇ ನಿಷೇಧಿಸಿದೆ.

ಊರಿಂದ ದೂರ ಇರುವವರಿಗೆ, ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ತಿಂಗಳಿಗೊಮ್ಮೆ ಬರುವವರಿಗೆ ಇದು ಹೊಂದುತ್ತದೆ, ಮೊದಲೆರಡು ಬೇಸಿಗೆ ನೀರು ಹಾಕುವವರು ಯಾರಾದರೂ ಸಿಕ್ಕರೆ. ಪಕ್ಕದವರ ಹೊಲದ ಮೇಲೆ ನೆರಳು ಬೀಳದ ಹಾಗೆ ನೆಡಿ. ಹೆಬ್ಬೇವು ಎತ್ತರ ಹೋದ ಮೇಲೆ ಶುರುವಾಗುವ ಜಗಳಕ್ಕೆ ಯಾವ ಇಲಾಖೆಯೂ ಬರುವುದಿಲ್ಲ.

ಜಲಾನಯನ ಯೋಜನೆಯನ್ನು ನಾನು ಆಯ್ಕೆಗಳಲ್ಲಿ ಸೇರಿಸಿಲ್ಲ, ಏಕೆಂದರೆ ಅದನ್ನು ನೀವು ಆರಿಸಿಕೊಳ್ಳಲು ಬರುವುದಿಲ್ಲ. ಊರೇ ಆಯ್ಕೆಯಾಗಬೇಕು. ಆಯ್ಕೆಯಾಗಿದ್ದರೆ ಬದುವಿನ ಅರ್ಜಿ ಬೇರೆ ಕಡೆ ಹಾಕುವ ಮೊದಲು ಅಲ್ಲಿ ಕೇಳಿ, ಮೇಲಿನ ಹೊಲದಿಂದ ಕೆಳಗಿನ ಹೊಲದವರೆಗೆ ಒಟ್ಟಿಗೆ ಬದು ಹಾಕಿದರೆ ಒಂಟಿ ಬದುವಿಗಿಂತ ಎಷ್ಟೋ ವಾಸಿ. ಸುಜಲಾ ಎಂಬ ಜಲಾನಯನ ಯೋಜನೆಯ ಮೂರನೇ ಹಂತ ನಡೆದ ತುಮಕೂರು, ಗದಗ, ಕೊಪ್ಪಳ, ಯಾದಗಿರಿಯಂಥ ಜಿಲ್ಲೆಗಳವರು ತಮ್ಮ ಸರ್ವೆ ನಂಬರಿನ ಮಣ್ಣಿನ ಆಳ, ಗುಣದ ಕಾರ್ಡ್ ಸಿಗುತ್ತದೆಯೇ ಎಂದು ಕೃಷಿ ಕಚೇರಿಯಲ್ಲಿ ವಿಚಾರಿಸಬಹುದು.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ದುಡಿಯುವವರು ಇದ್ದಾರೆ ಎಂದರೆ ಯೋಚನೆಯೇ ಬೇಡ, ಬದು. ಹೊಂಡ ಮಾಡಿಸುವವರಿಗೂ ಮೊದಲು ಬದುವೇ ಆಗಲಿ, ಹೂಳು ಕಡಿಮೆ ಬರುತ್ತದೆ. ಸ್ವಲ್ಪ ದುಡ್ಡು ಓಡಾಡಿಸಬಲ್ಲವರು, ಇಳಿಜಾರಿನ ತಗ್ಗಿನಲ್ಲಿ ಹೊಲ ಇದ್ದವರು ಹೊಂಡಕ್ಕೆ ಹೋಗಲಿ. ವಯಸ್ಸಾದವರಿಬ್ಬರೇ ಇರುವ ಮನೆಗೂ ಹೊಂಡವೇ ವಾಸಿ, ಅಗೆಯುವ ಕೆಲಸ ಯಂತ್ರದ್ದಾದ್ದರಿಂದ. ಎರಡು ಬೇಸಿಗೆ ಬತ್ತದ ಬೋರು ಇದ್ದವರಿಗೆ ಮಾತ್ರ ಹನಿ ಮೊದಲು. ಐದು ಎಕರೆಗಿಂತ ಹೆಚ್ಚು ಹೊಲ ಇದ್ದು ಅರ್ಧ ಬೀಳು ಬಿದ್ದಿದ್ದರೆ ಅಂಚಿಗೆಲ್ಲ ಗಿಡ ನೆಡಿ, ಅದಕ್ಕೂ ಬೇರೆಯದಕ್ಕೂ ಜಗಳವಿಲ್ಲ. ಬದುವೂ ಗಿಡವೂ ಒಟ್ಟಿಗೆ ಆಗುತ್ತವೆ.

ಒಂದೇ ಕೆಲಸಕ್ಕೆ ಎರಡು ಇಲಾಖೆಯಲ್ಲಿ ಹಣ ಎತ್ತಲು ಹೋಗಬೇಡಿ. ಎಲ್ಲವೂ ಒಂದೇ ಎಫ್‌ಐಡಿಗೆ ಗಂಟು ಬಿದ್ದಿದೆ. ಅರ್ಜಿಗಳನ್ನು ಜ್ಯೇಷ್ಠತೆ ಮೇಲೆ, ಅಂದರೆ ಮೊದಲು ಕೊಟ್ಟವರಿಗೆ ಮೊದಲು ಎಂದು ತೆಗೆದುಕೊಳ್ಳುವುದರಿಂದ, ಇಲಾಖೆಗೆ ವರ್ಷದ ಗುರಿ ಬಂದ ಕೂಡಲೇ ಹಾಕಿ. ಮಾರ್ಚಿ ಹತ್ತಿರ ಹೋದವರಿಗೆ ಅನುದಾನ ಮುಗಿದಿರುತ್ತದೆ. ಅರ್ಜಿ ಕೊಟ್ಟು ಬರುವಾಗ ಸ್ವೀಕೃತಿ ಚೀಟಿ ಈಸಿಕೊಳ್ಳಿ, ಫೋಟೊ ತೆಗೆದು ಇಟ್ಟುಕೊಳ್ಳಿ.

ಚಿಕ್ಕಪ್ಪನ ಮಗನಿಗೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಅವನ ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ಸೋಮವಾರ ನಾಡಕಚೇರಿಗೆ ಪೌತಿ ಖಾತೆಗೆ ಹೋಗುತ್ತಾನಂತೆ. ಜಾಬ್ ಕಾರ್ಡ್ ಚಿಕ್ಕಮ್ಮನ ಹೆಸರಿನಲ್ಲಿ ಇದೆ, ಬದುವಿನ ಅರ್ಜಿ ಗ್ರಾಮಸಭೆಗೆ ಅವಳೇ ಕೊಡುತ್ತಾಳೆ. ಹೊಂಡ 15 ಮೀಟರಿನದು, ಖಾತೆ ಆದ ಮೇಲೆ. "ಹನಿ?" ಎಂದೆ. "ಬೋರಾಗೆ ನೀರು ಬರ್ಲಿ ತಡಿಯಣ್ಣ" ಎಂದು ಇಟ್ಟ.